ಇನ್ನೊಂದು ಬೆಳೆ ಆಗಲಿ

ಮಠದ ಆಡಳಿತ ನೋಡಿಕೊಳ್ಳುವ ಶಿಷ್ಯ ಗುರುಗಳ ಮುಂದೆ ಬಂದು ಕೇಳಿದ: “ಬುದ್ಧೀ, ನಮ್ಮ ಅಡುಗೆಯವನು ಊರಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅವನ ಕೈರುಚಿ ಇನ್ನೊಬ್ಬರಿಗೆ ಬರುವುದಿಲ್ಲ. ಏನು ಹೇಳಿ ಉಳಿಸಿಕೊಳ್ಳಲಿ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಜೈಲಿಗೆ ಒಬ್ಬ ದಯಾಳು ಅಧಿಕಾರಿ ಬಂದ. ಕೈದಿಗಳು ಹೊರಗೆ ಹೋದಮೇಲೆ ದುಡಿದು ಉಣ್ಣಲಿ ಎಂದು ಜೈಲಿನ ಗೋಡೆಯೊಳಗೆ ಪರದೆ ಹೊದಿಸಿದ ಒಂದು ಹಸಿರುಮನೆ ಕಟ್ಟಿಸಿದ. ಚಾವಣಿಯ ಮಳೆನೀರು ಹನಿಹನಿಯಾಗಿ ಗಿಡಕ್ಕೆ, ಅಡುಗೆಮನೆಯ ಕಸ ಗೊಬ್ಬರಕ್ಕೆ. ಅಲ್ಲಿ ಏನೂ ವ್ಯರ್ಥವಾಗುತ್ತಿರಲಿಲ್ಲ, ಕೈದಿಗಳ ವಯಸ್ಸೊಂದನ್ನು ಬಿಟ್ಟು.

ಒಬ್ಬ ಕೈದಿ ಮನಸ್ಸಿಟ್ಟು ಕಲಿತ. ಪರದೆಯೊಳಗೆ ಜೇನುಹುಳು ಬರುವುದಿಲ್ಲ. ದಿನಾ ಬೆಳಗ್ಗೆ ಅವನೇ ಟೊಮೆಟೊ ಹೂಗೊಂಚಲುಗಳನ್ನು ಬೆರಳಿನಿಂದ ತಟ್ಟಿ ಕಾಯಿ ಕಟ್ಟಿಸುತ್ತಿದ್ದ. ಊರಲ್ಲಿ ಅವನ ಹೆಂಡತಿ ಹಿತ್ತಲಲ್ಲಿ ಅಂಥದೇ ಹಸಿರುಮನೆಗೆಂದು ಬಿದಿರಿನ ಗಳ ಹೂಳಿಸಿ, ಅವನು ಬಂದು ಪರದೆ ಹೊದಿಸಲಿ ಎಂದು ಕಾಯುತ್ತಿದ್ದಳು.

ಸನ್ನಡತೆಯವರನ್ನು ಅವಧಿಗೆ ಮೊದಲೇ ಬಿಡುವ ಕಾಲ ಬಂತು. ಹೆಸರು ಸೂಚಿಸಬೇಕಾದವನು ಅದೇ ಅಧಿಕಾರಿ. ನೀರು ಹಾಕಲು ಮರೆತವರು ಮನೆಗೆ ಹೋದರು. ಸಸಿ ತುಳಿದವರೂ ಹೋದರು. ಇವನ ಹೆಗಲ ಮೇಲೆ ಮಾತ್ರ ಅಧಿಕಾರಿ ಪ್ರೀತಿಯಿಂದ ಕೈಯಿಟ್ಟ. “ನೀನೇ ಹೋದರೆ ಉಳಿದವರಿಗೆ ಕಲಿಸುವವರು ಯಾರಪ್ಪಾ? ಇನ್ನೊಂದು ಬೆಳೆ ಆಗಲಿ.”

ಆ ಬೆಳೆ ಆಯಿತು. ಅದರ ಮೇಲೆ ಇನ್ನೊಂದೂ ಆಯಿತು. ಅಧಿಕಾರಿಗೆ ಹಾರ ಬಿತ್ತು, ಶಾಲು ಬಿತ್ತು. ಭೇಟಿಗೆ ಬಂದ ಹೆಂಡತಿ ಕೈದಿಗೆ ಹೇಳಿದಳು: “ಗಳಕ್ಕೆಲ್ಲ ಗೆದ್ದಲು ಹಿಡೀತು. ಅಷ್ಟು ಚೆನ್ನಾಗಿ ಕಲೀರಿ ಅಂತ ನಿಮಗೆ ಯಾರು ಹೇಳಿದ್ದು?”

ಮಾತು ಅವನಿಗೆ ನಾಟಿತು. ಮರುದಿನದಿಂದ ಅವನು ಹೂವು ಮುಟ್ಟಲಿಲ್ಲ. ಹೂಗಳು ಒಣಗಿ ಉದುರಿದವು. ಕಾಯಿ ಕಟ್ಟಲಿಲ್ಲ.

“ಈಗ ನಾನು ಯಾವ ಕೆಲಸಕ್ಕೂ ಬಾರದವನು ಸಾಹೇಬರೇ, ಬಿಟ್ಟುಬಿಡಿ” ಎಂದು ಕೈಮುಗಿದ.

ಅಧಿಕಾರಿಗೆ ನಿಜವಾಗಿಯೂ ದುಃಖವಾಯಿತು. “ನಿನ್ನ ನಡತೆಯೇ ಕೆಟ್ಟುಹೋಯಿತಲ್ಲಪ್ಪಾ, ಇನ್ನು ಹೇಗೆ ಬಿಡಲಿ?” ಎಂದ.

ಕತೆ ಕೇಳಿ ಶಿಷ್ಯನ ಮುಖ ಕೆಂಪಾಯಿತು. “ಎಂಥ ಪಾಪಿ ಬುದ್ಧೀ, ಆ ಅಧಿಕಾರಿ! ಅಂಥವನನ್ನೇ ಒಳಗೆ ಹಾಕಬೇಕು.”

ಗುರುಗಳು ಕೇಳಿದರು: “ಅದಿರಲಿ, ನಮ್ಮ ಅಡುಗೆಮನೆಗೆ ಹೊರಗಿನಿಂದ ಬೀಗ ಯಾವಾಗ ಹಾಕಿಸುತ್ತೀಯ?”