ಎಲ್ಲ ಗಾಡಿಗೂ ಒಂದೇ ಆಯಿಲ್ ಮಾರಿದ ನರಿ

ಗುಡ್ಡ ಹತ್ತಿ ಇಳಿಯುವ ರಸ್ತೆಯಿದ್ದ ಒಂದು ಕಾಡಿನಲ್ಲಿ ಪ್ರಾಣಿಗಳೂ ಗಾಡಿ ಓಡಿಸುತ್ತಿದ್ದವು. ಕಾಡುಕೋಣ ಈರಣ್ಣನ ಹತ್ತಿರ ಡೀಸೆಲ್ ವ್ಯಾನಿತ್ತು. ಕಾಯಿಲೆ ಬಿದ್ದವರನ್ನು ಅದು ಗುಡ್ಡದಾಚೆಯ ಆಸ್ಪತ್ರೆಗೆ ಕರೆದೊಯ್ಯುತ್ತಿತ್ತು. ಮುಂಗುಸಿ ಸಣ್ಣಕ್ಕನ ಹತ್ತಿರ ಪುಟ್ಟ ಪೆಟ್ರೋಲ್ ಕಾರಿತ್ತು. ಸಣ್ಣಕ್ಕ ಯಾರ ಮಾತನ್ನೂ ಸುಲಭವಾಗಿ ನಂಬುತ್ತಿರಲಿಲ್ಲ. ಮೊಟ್ಟೆ ಕೊಂಡರೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಮನೆಗೆ ಒಯ್ಯುತ್ತಿತ್ತು.

ಒಂದು ದಿನ ನರಿ ಜಗ್ಗಪ್ಪ ಗುಡ್ಡದ ಬುಡದಲ್ಲಿ ಎಂಜಿನ್ ಆಯಿಲ್ ಅಂಗಡಿ ತೆರೆಯಿತು. ಈರಣ್ಣ ಮತ್ತು ಸಣ್ಣಕ್ಕ ಇಬ್ಬರೂ ಅಲ್ಲಿಗೆ ಹೋದರು.

"ಬನ್ನಿ ಅಣ್ಣ, ಬನ್ನಿ ಅಕ್ಕ!" ಎಂದು ನರಿ ಕರೆಯಿತು. "ಪೆಟ್ರೋಲ್ ಗಾಡಿಗೂ ಇದೇ, ಡೀಸೆಲ್ ಗಾಡಿಗೂ ಇದೇ. ಎಣ್ಣೆ ಅಂದ್ರೆ ಎಣ್ಣೆ. ಅದರಲ್ಲೇನು ಭೇದ?"

ಸಣ್ಣಕ್ಕ ಡಬ್ಬವನ್ನು ಎತ್ತಿ ತಿರುಗಿಸಿ ನೋಡಿತು. ಮೇಲಿನ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ಕಿತ್ತಿದ್ದರು.

"ಚೀಟಿ ಎಲ್ಲಿ ಜಗ್ಗಪ್ಪ?"

"ಮಳೆಗೆ ನೆಂದು ಹೋಯ್ತು ಅಕ್ಕ."

"ಈ ಬೇಸಿಗೆಯಲ್ಲಿ ಯಾವ ಮಳೆ?"

ನರಿ ಹಲ್ಲು ಕಿರಿಯಿತು. "ನಿಮಗೆ ಎಲ್ಲದಕ್ಕೂ ಅನುಮಾನ. ಎರಡೂ ಗಾಡಿಗೆ ಆಗೋ ಆಯಿಲ್ ಇಲ್ಲವೇ ಇಲ್ಲ ಅಂತೀರಾ?"

"ಇದೆ. ಆದರೆ ಅದನ್ನು ಡಬ್ಬದ ಮೇಲೇ ಬರೆದಿರ್ತಾರೆ. ಎಸ್ ಅಕ್ಷರ ಇದ್ದರೆ ಪೆಟ್ರೋಲಿಗೆ, ಸಿ ಇದ್ದರೆ ಡೀಸೆಲಿಗೆ, ಎರಡೂ ಇದ್ದರೆ ಎರಡಕ್ಕೂ. ಇದರ ಮೇಲೆ ಏನೂ ಇಲ್ಲವಲ್ಲ!"

ಅಷ್ಟರಲ್ಲಿ ಸಣ್ಣಕ್ಕನ ಕಣ್ಣು ಅಂಗಡಿಯ ಹಿಂದೆ ನಿಂತಿದ್ದ ನರಿಯ ಜೀಪಿನ ಮೇಲೆ ಬಿತ್ತು. ಪಕ್ಕದಲ್ಲಿ ಸೀಲು ಒಡೆದ ಬೇರೆಯೇ ಡಬ್ಬವೊಂದಿತ್ತು. ಅದರ ಚೀಟಿ ನೆಟ್ಟಗಿತ್ತು.

"ಈರಣ್ಣಾ, ತಗೋಬೇಡ. ಏನೋ ಸರಿಯಿಲ್ಲ" ಎಂದು ಸಣ್ಣಕ್ಕ ಪಿಸುಗುಟ್ಟಿತು.

"ಹೋಗು ಸಣ್ಣಕ್ಕ, ನಿನ್ನ ಮಾತು ಕೇಳಿದರೆ ನೀರು ಕುಡಿಯೋಕೂ ಹೆದರಬೇಕು" ಎಂದು ಈರಣ್ಣ ನಕ್ಕಿತು. ಅದೇ ಆಯಿಲನ್ನು ವ್ಯಾನಿಗೆ ಹಾಕಿಸಿಕೊಂಡಿತು. ಸಣ್ಣಕ್ಕ ಬರಿಗೈಯಲ್ಲಿ ಹೊರಟಿತು.

ಮೊದಮೊದಲು ವ್ಯಾನು ಚೆನ್ನಾಗಿಯೇ ಓಡಿತು. ಈರಣ್ಣ ಎದುರಾದಾಗಲೆಲ್ಲ ಹಾರ್ನ್ ಹೊಡೆದು ಸಣ್ಣಕ್ಕನನ್ನು ಅಣಕಿಸುತ್ತಿತ್ತು. ಬರಬರುತ್ತಾ ಎಂಜಿನ್ನು ಏರಿನಲ್ಲಿ ಟಕಟಕ ಎನ್ನತೊಡಗಿತು. ಬೇಗ ಬಿಸಿಯಾಗತೊಡಗಿತು. ಈರಣ್ಣ ಅದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಜಿಂಕೆ ಸಿದ್ದಮ್ಮನಿಗೆ ಹೆರಿಗೆ ನೋವು ಶುರುವಾಯಿತು. ಮರಿ ಅಡ್ಡ ತಿರುಗಿತ್ತು. ಈರಣ್ಣ ಸಿದ್ದಮ್ಮನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಗುಡ್ಡ ಹತ್ತಿತು. ವ್ಯಾನಿನ ಸದ್ದು ಕೇಳಿದ ಸಣ್ಣಕ್ಕನಿಗೆ ಮನಸ್ಸು ತಡೆಯಲಿಲ್ಲ. ತನ್ನ ಕಾರಿನಲ್ಲಿ ಹಿಂದೆಯೇ ಹೋಯಿತು.

ಅರ್ಧ ಏರಿನಲ್ಲಿ ವ್ಯಾನು ಕಿರ್ರೆಂದು ಕಿರುಚಿ ನಿಂತೇಬಿಟ್ಟಿತು. ಎಂಜಿನ್ ಒಳಗೇ ಬಿಗಿದು ಹಿಡಿದುಕೊಂಡಿತ್ತು. ಈರಣ್ಣ ಎಷ್ಟು ಸಲ ಕೀಲಿ ತಿರುಗಿಸಿದರೂ ಮಿಸುಕಲಿಲ್ಲ. ಒಳಗೆ ಸಿದ್ದಮ್ಮ ನರಳುತ್ತಿತ್ತು.

"ಸಣ್ಣಕ್ಕಾ, ಏನು ಮಾಡಲಿ!" ಎಂದು ಈರಣ್ಣ ಅತ್ತೇಬಿಟ್ಟಿತು.

"ಆಮೇಲೆ ಅಳು. ಮೊದಲು ಇವಳನ್ನು ಎತ್ತು!"

ಇಬ್ಬರೂ ಸೇರಿ ಸಿದ್ದಮ್ಮನನ್ನು ಪುಟ್ಟ ಕಾರಿನೊಳಗೆ ಹೇಗೋ ಸೇರಿಸಿದರು. ಕಾರು ಆಸ್ಪತ್ರೆ ಮುಟ್ಟಿತು. ತಾಯಿ, ಮರಿ ಎರಡೂ ಉಳಿದವು.

ಮರುದಿನ ಕಾಡಿನ ಪ್ರಾಣಿಗಳೆಲ್ಲ ನರಿಯ ಅಂಗಡಿ ಮುಂದೆ ಸೇರಿದವು.

"ನನ್ನ ಆಯಿಲಿನದೇನೂ ತಪ್ಪಿಲ್ಲ" ಎಂದಿತು ನರಿ. "ಈರಣ್ಣನಿಗೆ ಗಾಡಿ ಓಡಿಸೋಕೆ ಬರೋಲ್ಲ."

"ಹಾಗಾದರೆ ಸರಿ" ಎಂದಿತು ಸಣ್ಣಕ್ಕ. ಚೀಟಿಯಿಲ್ಲದ ಡಬ್ಬವೊಂದನ್ನು ಎತ್ತಿಕೊಂಡು ಸೀದಾ ನರಿಯ ಜೀಪಿನ ಬಳಿ ಹೋಗಿ ಬಾನೆಟ್ ಎತ್ತಿತು. "ನಿನ್ನ ಜೀಪಿಗೂ ಇದನ್ನೇ ಹಾಕೋಣ. ನಾವೆಲ್ಲ ನೋಡ್ತೀವಿ."

ನರಿ ಹಾರಿ ಬಂದು ಎಂಜಿನ್ನಿಗೆ ಅಡ್ಡ ಬಿದ್ದಿತು. "ಬೇಡ ಅಕ್ಕಾ, ಬೇಡ! ನಂದು ಡೀಸೆಲ್ ಜೀಪು! ಅದು ಪೆಟ್ರೋಲ್ ಗಾಡಿ ಆಯಿಲು. ಡೀಸೆಲಿನ ಮಸಿ ತಡೆಯೋಲ್ಲ. ಮಸಿ ಗಟ್ಟಿಯಾಗಿ ಎಂಜಿನ್ ಹಿಡಿದುಕೊಳ್ಳುತ್ತೆ!"

ಪ್ರಾಣಿಗಳೆಲ್ಲ ಒಮ್ಮೆಲೇ ನರಿಯ ಕಡೆ ತಿರುಗಿದವು. ಆಗಲೇ ನರಿಗೆ ತಾನು ಏನು ಹೇಳಿಬಿಟ್ಟೆ ಎಂಬುದು ಹೊಳೆದದ್ದು.

ಪ್ರಾಣಿಗಳು ಅಂಗಡಿ ಮುಚ್ಚಿಸಿದವು. ವ್ಯಾನು ರಿಪೇರಿಯಾಗುವವರೆಗೆ ನರಿಯ ಜೀಪೇ ಆಸ್ಪತ್ರೆಗೆ ಓಡಬೇಕೆಂದು ತೀರ್ಮಾನಿಸಿದವು. ನರಿ ತನ್ನ ಡಬ್ಬಗಳನ್ನು ಬೆನ್ನ ಮೇಲೆ ಹೊತ್ತು, ಬಿಸಿಲಲ್ಲಿ ನಡೆದುಕೊಂಡೇ ಕಾಡು ಬಿಟ್ಟಿತು.

ವ್ಯಾನು ಸರಿಯಾದ ದಿನ ಸಣ್ಣಕ್ಕ ಹೊಸ ಡಬ್ಬವೊಂದನ್ನು ತಂದು ಕೊಟ್ಟಿತು. ಈರಣ್ಣ ಕೂಡಲೇ ಮುಚ್ಚಳ ತೆಗೆಯಲಿಲ್ಲ. ಗಾಡಿಯ ಜೊತೆ ಬಂದಿದ್ದ ಕೈಪಿಡಿ ಬಿಡಿಸಿ, ಡಬ್ಬದ ಮೇಲಿನ ಒಂದೊಂದು ಅಕ್ಷರವನ್ನೂ ಅದಕ್ಕೆ ಹೋಲಿಸಿ ನೋಡಿತು.

"ನನ್ನ ಮೇಲೂ ಅನುಮಾನವಾ ಈರಣ್ಣ?"

"ನಿನ್ನ ಮೇಲಲ್ಲ ತಾಯಿ, ಡಬ್ಬದ ಮೇಲೆ" ಎಂದು ಈರಣ್ಣ ಇನ್ನೊಮ್ಮೆ ಓದಿತು.

ನೀತಿ: ಮಾರುವವನ ಮಾತು ಎಷ್ಟೇ ಸಿಹಿಯಾಗಿರಲಿ, ನಮ್ಮ ಗಾಡಿಗೆ ಯಾವುದು ಸರಿ ಎಂಬುದನ್ನು ನಾವೇ ಓದಿ ತಿಳಿದುಕೊಳ್ಳಬೇಕು; ತಾನು ಬಳಸದ್ದನ್ನು ಇತರರಿಗೆ ಮಾರುವವನು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ.