ಅತ್ತೆ ಕರೆಸಿದ ಸಾಕ್ಷಿ

"ಗುರುಗಳೇ, ಬೆಳಗಿನಿಂದ ಸಂಜೆಯ ತನಕ ನಿಮ್ಮೆದುರು ಕೂರುತ್ತೇನೆ. ಆದರೂ ತಲೆಗೆ ಏನೂ ಹತ್ತುವುದಿಲ್ಲ. ಕೊರತೆ ಹೇಳುವವರಲ್ಲೋ, ಕೇಳುವವನಲ್ಲೋ?" ಎಂದು ಒಬ್ಬ ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಪ್ರಶ್ನೆ ಚೆನ್ನಾಗಿದೆ, ಅದರಲ್ಲಿ ಅರ್ಧ ಬೈಗುಳವೂ ಇದೆ. ಒಂದು ಕತೆ ಕೇಳು. ಊರಿನ ಹೆಸರು ಮಾತ್ರ ಕೇಳಬೇಡ; ಹೋದ ಸಲ ಹೇಳಿದಾಗ ಬೇರೆ ಊರಾಗಿತ್ತು."

ಒಬ್ಬ ಗಾಣಿಗನಿದ್ದ. ಕುಂಬಾರನೋ ಏನೋ, ಇವತ್ತಿಗೆ ಗಾಣಿಗನೇ ಇರಲಿ. ಅವನ ಹೆಂಡತಿಗೆ ತವರಿರಲಿಲ್ಲ. ಹಾಗಾಗಿ ಬಾಣಂತನ ಅತ್ತೆಯ ಕೈಯಲ್ಲೇ ಆಯಿತು. ಹುಟ್ಟಿದ ಗಂಡುಕೂಸು ಹಗಲೆಲ್ಲ ಎದೆ ಕಚ್ಚಿಕೊಂಡಿರುತ್ತಿತ್ತು. ಬಿಡಿಸಿದರೆ ಹಸಿದು ಚೀರುತ್ತಿತ್ತು. ತಾಯಿಯ ಮೊಲೆತೊಟ್ಟು ಒಡೆದು ರಕ್ತ ಬಂತು. ಕೂಸು ದಿನದಿನಕ್ಕೆ ಸೊರಗಿತು.

ಅತ್ತೆ ಸೊಸೆಗೆ ಬೆಳ್ಳುಳ್ಳಿ ತಿನ್ನಿಸಿದಳು, ಸಬ್ಬಸಿಗೆ ಸೊಪ್ಪು ತಿನ್ನಿಸಿದಳು. ಕೂಸಿಗೆ ದೃಷ್ಟಿ ತೆಗೆದಳು. ಗಾಣಿಗನಿಗೆ ಗೊತ್ತಿದ್ದುದು ಎತ್ತಿನ ವಿಷಯ ಮಾತ್ರ. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟಳು.

"ನಿನ್ನದು ಹಾಲಲ್ಲ, ಅಕ್ಕಿ ತೊಳೆದ ನೀರು. ನಾಳೆಯಿಂದ ಎದೆ ಬಿಡಿಸಿ, ಒಳಲೆಯಲ್ಲಿ ಮೇಕೆಹಾಲು ಕುಡಿಸುತ್ತೇನೆ."

"ಎದೆ ಬಿರಿಯುವಷ್ಟು ಹಾಲಿದೆ, ಅತ್ತೇ" ಎಂದು ಸೊಸೆ ಅತ್ತಳು.

ಅತ್ತೆ ಬಿಡುವವಳಲ್ಲ. ಪಕ್ಕದ ಮನೆಯ ಬಾಣಂತಿಯನ್ನು ಕೂಗಿದಳು. "ನಿನ್ನ ಮಗಳನ್ನು ಒಂದು ಗಳಿಗೆ ಕೊಡೇ. ಈ ಎದೆಯಲ್ಲಿ ಏನೂ ಇಲ್ಲ ಅಂತ ಅದೇ ಸಾಕ್ಷಿ ಹೇಳಲಿ."

ಹೆಣ್ಣುಕೂಸು ಬಂತು, ಎದೆಗೆ ಬಾಯಿ ಹಾಕಿತು. ಗುಟುಕು ಗುಟುಕಾಗಿ ನುಂಗುವ ಸದ್ದು ಹೊಸಲಿನವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಟಬಾಯಿಯಲ್ಲಿ ಹಾಲು ಸುರಿಸುತ್ತ ಜೋತುಬಿತ್ತು.

ಸೊಸೆ ಕಣ್ಣೊರೆಸಿಕೊಂಡಳು. "ಅತ್ತೇ, ಸಾಕ್ಷಿಗೆ ನಿದ್ದೆ ಬಂತು."

ಅತ್ತೆ ಕೈ ತೊಳೆದು ಬಂದು ಮೊಮ್ಮಗನ ಬಾಯೊಳಗೆ ಬೆರಳಿಟ್ಟಳು. ಕೂಸು ವಸಡಿನಿಂದ ಕಚ್ಚಿತು. ನಾಲಿಗೆ ಮಾತ್ರ ಮುಂದಕ್ಕೆ ಬರಲಿಲ್ಲ. ನಾಲಿಗೆ ಎತ್ತಿ ನೋಡಿದಳು. ಅದರ ತುದಿಯನ್ನು ಒಂದು ತೆಳುವಾದ ಚರ್ಮದ ಎಳೆ ಕೆಳಕ್ಕೆ ಹಿಡಿದಿತ್ತು. ವೈದ್ಯ ಬಂದು ಎಳೆಯನ್ನು ಕತ್ತರಿಸಿದ. ಕೂಸು ಎದೆಗೆ ಬಾಯಿ ಹಾಕಿತು. ಎಲ್ಲರೂ ಕಿವಿಗೊಟ್ಟರು. ಗುಟುಕಿನ ಸದ್ದು ಕೇಳಿಸಿತು.

ಮರುದಿನ ಕೇರಿಯ ತಾಯಂದಿರೆಲ್ಲ ಕೂಸುಗಳನ್ನು ಎತ್ತಿಕೊಂಡು ವೈದ್ಯನ ಮುಂದೆ ಸಾಲುನಿಂತರು. ಪಕ್ಕದ ಮನೆಯ ಹೆಣ್ಣುಕೂಸಿನ ನಾಲಿಗೆಯ ಕೆಳಗೂ ಎಳೆ ಕಂಡಿತು. ಅದು ಇನ್ನೂ ದಪ್ಪವಾಗಿತ್ತು. ವೈದ್ಯ ಉತ್ಸಾಹದಿಂದ ಕತ್ತರಿ ಎತ್ತಿದ. ಅತ್ತೆ ಅವನ ಕೈ ಹಿಡಿದಳು.

"ಎಳೆ ಕಂಡಲ್ಲೆಲ್ಲ ಕತ್ತರಿಯೇನಪ್ಪಾ? ಇದು ಕುಡಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕೂಸು ಕುಡಿಯುವುದನ್ನು ನೋಡು, ಆಮೇಲೆ ಬಾಯಿ ನೋಡು."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು, ಗುರುಗಳೇ! ನಿಮ್ಮ ಪಾಠದಲ್ಲಿ ಕೊರತೆಯಿಲ್ಲ. ನನ್ನ ಬುದ್ಧಿಯನ್ನೂ ಅಂಥದೇ ಒಂದು ಎಳೆ ಕಟ್ಟಿಹಾಕಿರಬೇಕು. ಅದನ್ನು ಕತ್ತರಿಸಿಬಿಡಿ."

ಗುರುಗಳೆಂದರು: "ಆ ಕೂಸಿಗೆ ಹಸಿವಿತ್ತಪ್ಪಾ."