ಮುತ್ಯಾನ ಉಡದಾರ

ಹಿರಿಯರು ಬಿಟ್ಟುಹೋದ ಸರಕಿಗೆ ವಾಪಸಾತಿ ಇಲ್ಲ ಎಂದು ನಂಬಿದವನು ಬಟ್ಟೆ ಅಂಗಡಿಯ ಚನ್ನವೀರಪ್ಪ. ಹೊಳೆದಂಡೆಯ ಮಠಕ್ಕೆ ಬಂದು, ತನ್ನ ಗುರು ಅಜ್ಜಾರ ಪಾದ ಮುಟ್ಟಲು ಬಗ್ಗಿದ. ಹೊಟ್ಟೆ ಅಡ್ಡ ಬಂತು. ಇನ್ನೊಂದಿಷ್ಟು ಬಗ್ಗಿದ. ಸೊಂಟದ ಬೆಳ್ಳಿ ಉಡದಾರ ಟಪ್ಪನೆ ಹರಿದು ಅಜ್ಜಾರ ಪಾದದ ಮೇಲೆ ಬಿತ್ತು.

"ಕಾಣಿಕೆ ಏನೋ ತಮ್ಮಾ?"

"ಅಲ್ರಿ ಅಜ್ಜಾರ. ನಮ್ಮಪ್ಪನ ಅಪ್ಪ, ಮುತ್ಯಾನ ಉಡದಾರ ಅದು."

ಅವನು ಬಂದದ್ದು ಬೇರೆ ಕೆಲಸಕ್ಕೆ. ಸಕ್ಕರೆ, ಬಿ.ಪಿ., ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು, ನಾಲ್ಕೂ ಒಂದೇ ಗಾಡಿ ಹತ್ತಿ ಬಂದಿವೆ ಎಂದಿದ್ದರು ಡಾಕ್ಟರು. ಅಂಗಡಿಯ ಗಾದಿಯ ಮೇಲೇ ಎದೆ ಹಿಡಿದುಕೊಂಡು ತೀರಿಹೋದಾಗ ಅಪ್ಪನಿಗೆ ನಲವತ್ತೇಳು. ಈ ಶ್ರಾವಣಕ್ಕೆ ಚನ್ನವೀರಪ್ಪನಿಗೂ ಅಷ್ಟೇ. ನಿದ್ದೆ ಹತ್ತುತ್ತಿರಲಿಲ್ಲ. ಊಟಕ್ಕೆ ಮಾತ್ರ ಏನೂ ತೊಂದರೆ ಆಗಿರಲಿಲ್ಲ.

"ಡಾಕ್ಟರ್ ಏನಂತಾರ?"

"ಗುಳಿಗಿ ಕೊಟ್ಟಾರ್ರಿ, ನುಂಗಾಕತ್ತೀನಿ. ನಡಿ ಅಂತಾರ, ಉಣ್ಣೂದು ಕಡಿಮಿ ಮಾಡು ಅಂತಾರ. ರಕ್ತದಾಗ ಬಂದದ್ದಕ್ಕ ನಡದು ಏನ್ ಮಾಡೂದ್ರಿ? ತಾವು ಒಂದು ಮಂತ್ರ ಕೊಟ್ರ..."

"ಸೋಮವಾರ ಒಪ್ಪೊತ್ತು ಮಾಡ್ತೀಯಲ್ಲ?"

"ಒಂದೂ ತಪ್ಪಿಸಿಲ್ರಿ."

"ಆ ಒಂದು ಊಟಕ್ಕ ಯಾವಾಗ ಕೂಡ್ತಿ?"

"ಮಧ್ಯಾಹ್ನಕ್ಕ."

"ಏಳೂದು?"

"ದೀಪಾ ಹಚ್ಚೂ ಹೊತ್ತಿಗ್ರಿ."

"ಮುತ್ಯಾಗೂ ಇತ್ತೇನು ಈ ಬ್ಯಾನಿ?"

"ಇತ್ರಿ. ಸಕ್ಕರಿ ಶುರುವಾಗಿದ್ದ ಅವರಿಂದ."

"ಎಷ್ಟಕ್ಕ ಹೋದ?"

"ಎಂಬತ್ತು ದಾಟಿತ್ರಿ. ಸೀರಿ ಗಂಟು ಹೊತ್ತು ಸಂತಿಯಿಂದ ಸಂತಿಗೆ ನಡೀತಿದ್ರು. ಎರಡು ರೊಟ್ಟಿ, ಪುಂಡಿಪಲ್ಲೆ, ಮುಗೀತು. ಅಪ್ಪ ಅಂಗಡಿ ಹಾಕಿ ಗಾದಿ ಮ್ಯಾಲೆ ಕೂತ."

"ನೀ?"

"ಗಾದಿಗೆ ಒರಗಾಕ ಎರಡು ಲೋಡು ಕೂಡಿಸೀನ್ರಿ."

ಅಜ್ಜಾರು ಉಡದಾರವನ್ನು ಬಿಸಿಲಿಗೆ ಹಿಡಿದರು.

"ಈ ಕಪ್ಪಾದದ್ದು?"

"ಮುತ್ಯಾಂದು."

"ಇದು?"

"ಅಪ್ಪ ಬೆಳ್ಳಿ ಕೆಲಸದ ಪತ್ತಾರನ ಕಡೆ ಕೂಡಿಸಿದ್ದು. ಮುತ್ಯಾಂದು ಅವನ ಸೊಂಟಕ್ಕ ಸಾಲ್ತಿರಲಿಲ್ಲ."

"ಈ ಹೊಳಿಯೂದು?"

"ನಂದ್ರಿ. ದೀಪಾವಳಿಗೊಂದು ತುಂಡು, ಯುಗಾದಿಗೊಂದು."

"ಇದೂ ರಕ್ತದಾಗ ಬಂತೇನು?"

ಅಜ್ಜಾರು ಕೊಕ್ಕೆ ಬಿಚ್ಚಿ, ಅವನು ಕೂಡಿಸಿದ್ದನ್ನೂ ಅಪ್ಪ ಕೂಡಿಸಿದ್ದನ್ನೂ ಕಳಚಿ ಜೋಳಿಗೆಗೆ ಹಾಕಿದರು. ಬೆಳ್ಳಿಯ ಧಾರಣೆ ಬಲ್ಲ ಚನ್ನವೀರಪ್ಪನ ಕಣ್ಣು ಜೋಳಿಗೆಯ ಹಿಂದೆಯೇ ಹೋಯಿತು.

ಕಪ್ಪಾದ ತುಂಡನ್ನು ಅಜ್ಜಾರು ಅವನ ಕೈಗಿಟ್ಟರು. "ರಕ್ತದಾಗ ಬಂದದ್ದು ಇಷ್ಟ. ಇದು ನಿನ್ನ ಬಿಟ್ಟು ಹೋಗೂದಿಲ್ಲ. ಇದಕ್ಕ ನನ್ನ ಹತ್ರ ಮಂತ್ರಿಲ್ಲ. ಮಂದಿಗೆ ದಕ್ಕೋ ಹೋಳಿಗಿ ನಿನಗ ದಕ್ಕೂದಿಲ್ಲ ಅನ್ನೂದು ನೆನಪಿಟ್ಟು ಉಣ್ಣು. ಕಟ್ಟಿಕೋ."

ಚನ್ನವೀರಪ್ಪ ಉಸಿರು ಬಿಗಿಹಿಡಿದು ಸುತ್ತಿದ. ಹೊಟ್ಟೆ ಒಳಗೆಳೆದ. ತುದಿಗಳು ಒಂದಕ್ಕೊಂದು ದೂರದ ಬೀಗರಂತೆ ನಿಂತವು.

"ಅಜ್ಜಾರ, ಎರಡು ಗೇಣು ಕಡಿಮಿ ಬೀಳ್ತೈತ್ರಿ."

"ಉಡದಾರ ಸರಿ ಐತಿ ತಮ್ಮಾ. ಎರಡು ಗೇಣು ಹೆಚ್ಚಾಗಿದ್ದು ನೀನು."